ಹನ್ನೊಂದು ಕಲಮಿನ ಯಾದಿ

ಹುನಗುಂದದ ಮಾಮಲೇದಾರ ಕಚೇರಿಯಲ್ಲಿ ನಾನು ಕಾರಕೂನನಾಗಿದ್ದಾಗ ನನ್ನ ಮುಖ್ಯ ಕೆಲಸ ಸಾಹೇಬರ ಫಿರ್ತಿಯ ಏರ್ಪಾಡು. ಚಳಿಗಾಲ ಬಂತೆಂದರೆ ಮಾಮಲೇದಾರರು ಹಳ್ಳಿಹಳ್ಳಿ ತಿರುಗಲು ಹೊರಡುತ್ತಿದ್ದರು. ಯಾವ ದಿನ ಯಾವ ಊರಲ್ಲಿ ಮುಕ್ಕಾಮು, ಎಷ್ಟು ಚಕ್ಕಡಿ ಬೇಕು, ಯಾರ ಎತ್ತು ಗಟ್ಟಿ, ಯಾವ ಬಾವಿಯ ನೀರು ಸಿಹಿ, ಯಾವುದು ಸವಳು, ಇದನ್ನೆಲ್ಲ ಒಂದು ಹಾಳೆಯ ಮೇಲೆ ಒಂದು, ಎರಡು, ಮೂರು ಅಂತ ಕಲಮು ಹಾಕಿ ಬರೆದುಕೊಡುವುದು ನನ್ನ ಪಾಲಿಗೆ ಬಂದಿತ್ತು. ಆ ಪಟ್ಟಿಗೆ ನಮ್ಮ ಕಡೆ ಯಾದಿ ಅನ್ನುತ್ತಾರೆ. ನನ್ನ ಯಾದಿಯಂತೆ ಹೊರಟ ಡೇರೆ ಎಂದೂ ದಾರಿ ತಪ್ಪಲಿಲ್ಲ, ನನ್ನ ಯಾದಿ ಹಿಡಿದ ಸಾಹೇಬರು ಎಂದೂ ಹಸಿದು ಮಲಗಲಿಲ್ಲ. ಅದರ ಜಂಬ ನನಗೆ ಬೇಕಾದಷ್ಟಿತ್ತು. ಈಗ ಸುಳ್ಳು ಹೇಳಿ ಏನಾಗಬೇಕಾಗಿದೆ?

ಕಚೇರಿಯ ಹೊರಗಿನವರೂ ಕೇಳಲು ಬರುತ್ತಿದ್ದರು. ಇಳಕಲ್ಲಿನ ಸೀರೆ ವ್ಯಾಪಾರಿ ಸೊಲ್ಲಾಪುರಕ್ಕೆ ಹೊರಟರೆ ಮೊದಲು ನನ್ನ ಕಟ್ಟೆಗೆ ಬರಬೇಕು. ಬೇವೂರಿನ ಗೌಡರು ಮಗಳನ್ನು ಗಂಡನ ಮನೆಗೆ ಕಳಿಸುವುದಿದ್ದರೂ ಅಷ್ಟೇ. ನಾನು ಅವರು ಕೇಳಿದ್ದಕ್ಕಿಂತ ಹೆಚ್ಚೇ ಹೇಳುತ್ತಿದ್ದೆ. ಸಂತೆಯ ಮರುದಿನ ಹೊರಡಿರಿ, ತಿರುಗಿ ಹೋಗುವ ಖಾಲಿ ಚಕ್ಕಡಿ ಸಿಗುತ್ತದೆ. ಹೊಸ ಕೆರ ಮೆಟ್ಟಿಕೊಂಡು ಪ್ರಯಾಣಕ್ಕೆ ಇಳಿಯಬೇಡಿರಿ, ಎರಡನೆಯ ದಿನ ಅದನ್ನು ಕೈಯಲ್ಲಿ ಹಿಡಿದು ನಡೆಯಬೇಕಾಗುತ್ತದೆ. ಮೆತ್ತನ್ನ ರೊಟ್ಟಿ ಮೊದಲ ದಿನಕ್ಕೆ, ಕಟಕ ರೊಟ್ಟಿ ಮುಂದಿನ ದಿನಗಳಿಗೆ. ಪಲ್ಯ ಬಿಟ್ಟು ಶೇಂಗಾ ಚಟ್ನಿ ಕಟ್ಟಿಕೊಳ್ಳಿರಿ. ದಾರಿ ಕೇಳುವಾಗ ಮೂವರನ್ನು ಕೇಳಿ, ಎಲ್ಲರಿಗಿಂತ ದೂರ ಹೇಳಿದವನನ್ನು ನಂಬಿರಿ. ಬದಾಮಿ ಸ್ಟೇಶನ್ ಬಂತೆಂದು ಉಳಿದ ನೀರು ಚೆಲ್ಲಬೇಡಿರಿ, ಅಲ್ಲಿಂದ ಊರು ಇನ್ನೂ ಮೂರು ಮೈಲು. ಆ ನೀರು ಚೆಲ್ಲುವ ತಪ್ಪನ್ನು ಎಷ್ಟು ಸಲ ಹೇಳಿದರೂ ನಮ್ಮ ಮಂದಿ ಬಿಡುತ್ತಿರಲಿಲ್ಲ, ಅದಕ್ಕೆ ನನಗೆ ಸಿಟ್ಟು ಬರುತ್ತಿತ್ತು.

ಇಷ್ಟು ತಿಳಿದ ನಾನು ಮಾತ್ರ ಸ್ವಂತ ಕೆಲಸಕ್ಕೆ ಎಲ್ಲಿಗೂ ಹೋಗುತ್ತಿರಲಿಲ್ಲ. ತಂದೆತಾಯಿ ಪ್ಲೇಗಿನಲ್ಲಿ ಹೋಗಿದ್ದರು. ಅಣ್ಣತಮ್ಮಂದಿರು, ಅಕ್ಕತಂಗಿಯರು ಯಾರೂ ಇರಲಿಲ್ಲ. ಹೋಗಬೇಕಾದ ಊರು ಅಂತ ನನಗೆ ಇದ್ದದ್ದು ಒಂದೇ, ಬದಾಮಿ. ಅದು ನನ್ನ ಹೆಂಡತಿಯ ತವರು.

ಆಕೆ ನನ್ನ ಮನೆಗೆ ಬಂದು ಬಾಳಿದ್ದು ಒಂದೂವರೆ ವರ್ಷ. ಅಕ್ಷರ ಬರುತ್ತಿರಲಿಲ್ಲ, ಆದರೆ ಒಮ್ಮೆ ಕಿವಿಗೆ ಬಿದ್ದದ್ದು ಮರೆಯುವವಳಲ್ಲ. ನಾನು ಸಂಜೆ ಕಟ್ಟೆಯ ಮೇಲೆ ಕೂತು ಯಾದಿ ಗಟ್ಟಿಯಾಗಿ ಓದಿ ತಾಳೆ ನೋಡುತ್ತಿದ್ದರೆ, ಒಳಗಿನಿಂದ ನನ್ನದೇ ದನಿಯಲ್ಲಿ “ಸದರಿ ರೊಟ್ಟಿಯನ್ನು ಬಿಸಿ ಇದ್ದಾಗಲೇ ತಿನ್ನತಕ್ಕದ್ದು” ಅನ್ನುತ್ತಿದ್ದಳು. ಮೊದಲು ನನಗೆ ಮುಖ ಕೆಂಪಾಗುತ್ತಿತ್ತು. ಆಮೇಲೆ, ಆಕೆ ಹಾಗೆ ಅನ್ನಲಿ ಎಂದೇ ಸ್ವಲ್ಪ ಜೋರಾಗಿ ಓದುತ್ತಿದ್ದೆ.

ಬಸುರಿಯಾದ ಆಕೆಯನ್ನು ಏಳನೆಯ ತಿಂಗಳಲ್ಲಿ ಅವರ ಅಪ್ಪ ಬಂದು ಕರೆದುಕೊಂಡು ಹೋದರು. ಶ್ರಾವಣದಲ್ಲಿ ಗಂಡು ಹುಟ್ಟಿತು ಅಂತ ಕಾಗದ ಬಂತು. ನಾನು ರಜೆ ಕೇಳಿ ಹೊರಡುವ ಸನ್ನಾಹದಲ್ಲಿದ್ದಾಗಲೇ ಎರಡನೆಯ ಕಾಗದ ಬಂತು. ಕೂಸು ಒಂಬತ್ತು ದಿನ ಇತ್ತು, ಹೋಯಿತು.

ಅಂದೇ ಹೊರಟೆ. ಅಮೀನಗಡ ದಾಟಿ ಮಲಪ್ರಭೆಯ ದಂಡೆಗೆ ಬಂದರೆ ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ಆಚೆಗೆ ಕಮತಗಿ ಇದೆ, ದಾಟಿಸುವವರಿಲ್ಲ. ಹರಗೋಲಿನವನು ನೀರು ನೋಡಿ ಕೈಮುಗಿದುಬಿಟ್ಟ. ಎರಡು ದಿನ ಮಳೆಯಲ್ಲಿ ಕಾದು ತಿರುಗಿ ಬಂದೆ. ಇದು ಖರೆ. ಎಂಟು ದಿನಕ್ಕೆ ಹೊಳೆ ಇಳಿಯಿತು, ನಾನು ಮತ್ತೆ ಹೊರಡಲಿಲ್ಲ. ಅದೂ ಖರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕೇಳಿದವರಿಗೆಲ್ಲ ಹೊಳೆಯ ನೆವ ಹೇಳುತ್ತ ಕೂತೆ, ಮಾವನವರಿಗೂ ಅದನ್ನೇ ಬರೆದೆ. ನಿಜ ಹೇಳಬೇಕೆಂದರೆ ನನಗೆ ಅಂಜಿಕೆ. ಸೊಲ್ಲಾಪುರಕ್ಕೆ ಹೋಗುವವನು ಏನೇನು ಒಯ್ಯಬೇಕೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಕೂಸು ಕಳಕೊಂಡವಳ ಮುಂದೆ ಏನು ಹಿಡಿದುಕೊಂಡು ಹೋಗಿ ನಿಲ್ಲಬೇಕೆಂದು ನನಗೆ ಗೊತ್ತಿರಲಿಲ್ಲ.

ಭಾದ್ರಪದ ಹೋಯಿತು, ದಸರೆ ಹೋಯಿತು, ದೀಪಾವಳಿಯೂ ಹೋಯಿತು. ಕಚೇರಿಯಿಂದ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಚೆಂಬು ಇಟ್ಟಲ್ಲೇ ಇರುತ್ತಿತ್ತು. ಯಾರೂ ಸರಿಸದ ಆ ಚೆಂಬನ್ನು ನೋಡಿದರೆ ಮೈ ಉರಿಯುತ್ತಿತ್ತು. ಒಂದು ದಿನ ಕಾಲಿನಿಂದ ಒದ್ದು, ಆಮೇಲೆ ನಾನೇ ಬಗ್ಗಿ ಎತ್ತಿ ನೆಲ ಒರೆಸಿದೆ. ಯಾದಿ ಗಟ್ಟಿಯಾಗಿ ಓದುವುದನ್ನು ಬಿಟ್ಟೆ. ಒಂಟಿತನ ಅಂದರೆ ಜನ ಇಲ್ಲದಿರುವುದು ಅಂದುಕೊಂಡಿದ್ದೆ. ನನ್ನ ಕಟ್ಟೆಯ ಮೇಲೆ ದಿನಾ ನಾಲ್ಕು ಮಂದಿ ದಾರಿ ಕೇಳುತ್ತ ಕೂತಿರುತ್ತಿದ್ದರು, ಅವರೆದುರೇ ನಾನು ಒಂಟಿಯಾಗಿದ್ದೆ.

ಆಕೆಯನ್ನು ಕರೆಸಿಕೊಳ್ಳಲೇಬೇಕು ಅಂತ ಕಾರ್ತಿಕದಲ್ಲಿ ಗಟ್ಟಿ ಮಾಡಿದೆ. ಹೆರಿಗೆಗೆ ಹೋದ ಹೆಣ್ಣುಮಗಳನ್ನು ಗಂಡನ ಕಡೆಯವರೇ ಹೋಗಿ ಕರೆದು ತರಬೇಕೆಂಬುದು ನಮ್ಮಲ್ಲಿ ನಡೆದುಬಂದ ರೀತಿ. ಕರೆಯಲು ಯಾರೂ ಬಾರದೆ ತಾನಾಗಿ ಬಂದವಳಿಗೆ ಬೆಲೆ ಇಲ್ಲ. ನನ್ನ ಕಡೆಯವರು ಅಂದರೆ ನಾನೊಬ್ಬನೇ. ನಾನು ಮಾಡಿದ್ದೇನು? ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಬದಾಮಿಯವರೆಗೆ ಹೋಗಿ ಬಂದರೆ ಆರು ದಿನ. ಮಾವನವರೇ ಆಕೆಯನ್ನು ರೈಲಿನಲ್ಲಿ ಬಾಗಲಕೋಟೆಗೆ ತಂದರೆ, ನಾನು ಚಕ್ಕಡಿ ತೆಗೆದುಕೊಂಡು ಅಲ್ಲಿ ಎದುರಾದರೆ, ಮೂರೇ ದಿನ. ಸಾಹೇಬರ ಫಿರ್ತಿ ಹತ್ತಿರ ಬಂದಿತ್ತು. ಏರ್ಪಾಡು ಎಷ್ಟು ಚೊಕ್ಕಟವಾಗಿ ಕೂಡಿಬಂತೆಂದರೆ ನನಗೆ ನನ್ನ ಬೆನ್ನು ತಟ್ಟಿಕೊಳ್ಳಬೇಕು ಅನ್ನಿಸಿತು.

ಹೆಂಡತಿಗೆ ಕಾಗದ ಬರೆಯುವುದು ಆಗ ಇರಲಿಲ್ಲ. ಮಾವನವರಿಗೆ ಬರೆದೆ. “ಉಭಯ ಕುಶಲೋಪರಿ” ಅಂತ ಎಂದಿನಂತೆ ಮೇಲೆ ಹಾಕಿ, ಕೆಳಗೆ ಹನ್ನೊಂದು ಕಲಮು. ಗುಳೇದಗುಡ್ಡದ ಕಲ್ಲು ಹಾದಿ ಹೆಣ್ಣುಮಕ್ಕಳ ಮೈಗೆ ಆಗದು, ಆ ಸಬಬಿನಿಂದ ರೈಲಿನಲ್ಲೇ ಬರತಕ್ಕದ್ದು. ನಾಲ್ಕರ ರೈಲಿಗೆ ಮೂರಕ್ಕೇ ಸ್ಟೇಶನ್ನಿಗೆ ಬರತಕ್ಕದ್ದು. ಡಬ್ಬಿಯಲ್ಲಿ ಬಲಗಡೆ ಕೂರತಕ್ಕದ್ದು, ಎಡಗಡೆ ಬಿಸಿಲು. ಗಂಟು ಎರಡೇ ಇರತಕ್ಕದ್ದು. ಸೀರೆ ಕೆಳಗೆ, ನೀರಿನ ತಂಬಿಗೆ ಕೈಗೆ ಸಿಗುವಂತೆ ಮೇಲೆ. ಹೀಗೆ ಹನ್ನೊಂದು. ಬರೆದು ಮುಗಿಸಿ ಎರಡು ಸಲ ಓದಿ ನೋಡಿದೆ. ಒಂದೂ ಬಿಟ್ಟುಹೋಗಿಲ್ಲ ಅನ್ನಿಸಿತು.

ಕಚೇರಿಗೆ ಖಾಯಂ ಬರುತ್ತಿದ್ದ ಮುದುಕನ ಚಕ್ಕಡಿ ಗೊತ್ತು ಮಾಡಿದೆ. ಆತ ಹೇಳದೆಯೇ ಎರಡು ಗೇಣು ಹುಲ್ಲು ಹಾಸಿ, ಮೇಲೆ ಕೌದಿ ಹರವಿಕೊಂಡು ಬಂದಿದ್ದ. ಹೊಳೆ ದಾಟಿ ಕಮತಗಿಯಲ್ಲಿ ಎತ್ತಿಗೆ ನೀರು ಕುಡಿಸುವಾಗ ಕೇಳಿದ: “ಸಾಹೇಬ್ರ, ಮನಿಯವ್ರನ್ನ ಕರಿಯಾಕ ಬದಾಮಿಗಿ ಹೋಗೂದು ಬಿಟ್ಟು ನಾವ್ಯಾಕ್ರಿ ಬಾಗಲಕೋಟಿಗಿ ಹೊಂಟೇವಿ?”

“ಮೂರು ದಿನಾ ಉಳಿತಾವು” ಅಂದೆ.

“ಉಳದ ದಿನಾ ಏನ ಮಾಡ್ತೀರಿ?”

ಎತ್ತಿನ ಕಡೆ ನೋಡು ಅಂತ ಗದರಿಸಿದೆ. ಮುದುಕ ನಕ್ಕು ಚಕ್ಕಡಿ ಹೂಡಿದ.

ಬಾಗಲಕೋಟೆ ಸ್ಟೇಶನ್ನಿನಲ್ಲಿ ನಾನು ನನ್ನ ಯಾದಿಯಂತೆಯೇ ಒಂದು ತಾಸು ಮೊದಲು ನಿಂತಿದ್ದೆ. ರೈಲು ಬಂತು. ಹತ್ತಿ ಅಂಡಿಗೆಗಳ ನಡುವೆ ಮಂದಿ ಇಳಿದರು. ಬಲಗಡೆ ಕೂತವರನ್ನೆಲ್ಲ ಕಿಟಕಿಕಿಟಕಿ ಹಣಿಕಿ ನೋಡಿದೆ, ಆಮೇಲೆ ಎಡಗಡೆಯೂ ನೋಡಿದೆ. ರೈಲು ಹೋದ ಮೇಲೆ ಅಲ್ಲಿ ನಾನು ಮತ್ತು ಹಮಾಲರು ಉಳಿದೆವು. ಮುದುಕ ಚಕ್ಕಡಿಯ ಹತ್ತಿರ ಕೌದಿಯ ಧೂಳು ಝಾಡಿಸುತ್ತಿದ್ದ. ನಾನು ಒಬ್ಬನೇ ಬರುವುದನ್ನು ನೋಡಿ, “ನಾ ಇಲ್ಲೇ ಇರ್ತೇನ್ರಿ. ನಾಳಿ ಮುಂಜಾನಿ ಹೋಗಿ ಕರ್ಕೊಂಡು ಬರ್ರಿ” ಅಂದ. ಆತ ಹಾಗೆ ಹೇಳದಿದ್ದರೆ ನಾನು ಹುನಗುಂದಕ್ಕೇ ತಿರುಗುತ್ತಿದ್ದೆನೇನೋ.

ಮರುದಿನ ಮೊದಲ ಸಲ ನಾನು ಏನೂ ಕಟ್ಟಿಕೊಳ್ಳದೆ ಹೊರಟೆ. ರೊಟ್ಟಿ ಇಲ್ಲ, ತಂಬಿಗೆ ಇಲ್ಲ. ಬದಾಮಿ ಸ್ಟೇಶನ್ನಿನಿಂದ ಮೂರು ಮೈಲು ಬಿಸಿಲಲ್ಲಿ ನಡೆದೆ. ಕೆಂಪು ಗುಡ್ಡ ಕಂಡರೂ ಊರು ಬೇಗ ಬರಲಿಲ್ಲ. ಮಾವನವರು ಪಡಸಾಲೆಯಲ್ಲೇ ಕೂತಿದ್ದರು. ಕಾಲಿಗೆ ನೀರು ಕೊಡಿಸಿದರು. ನಾನು ಕೂತ ಮೇಲೆ ಒಂದೇ ಮಾತು ಕೇಳಿದರು.

“ಹೊಳಿ ಇಳೀತೇನ್ರಿ?”

ಅದು ಇಳಿದು ಮೂರು ತಿಂಗಳಾಗಿತ್ತು. ತಲೆ ತಗ್ಗಿಸಿದೆ. ಅವರು ಗೂಡಿನಿಂದ ನನ್ನ ಕಾಗದ ತೆಗೆದು ಮುಂದೆ ಇಟ್ಟರು. “ನನ್ನ ಕಣ್ಣು ಮೊದಲಿನಂಗ ಇಲ್ಲ. ಮಗ್ಗಲ ಮನಿಯವ್ರ ಕಡಿಂದ ಓದಿಸೇವಿ. ನೀವ ಬರದೀರಿ, ನೀವ ಒಮ್ಮಿ ಓದ್ರಿ, ಕೇಳೂಣು.”

ಓದಿದೆ. “ಉಭಯ ಕುಶಲೋಪರಿ” ಅಂತ ಶುರು ಮಾಡಿದಾಗ ಕಣ್ಣು ಮೇಲೆ ಹೋಯಿತು. ತೊಲೆಗೆ ತೊಟ್ಟಿಲ ಹಗ್ಗ ಇನ್ನೂ ಜೋತಿತ್ತು. ಎರಡೂ ಕಡೆ ಕ್ಷೇಮ ಅಂತ ಆ ಹಗ್ಗದ ಕೆಳಗೆ ಕೂತು ಓದಿದೆ. ಒಂದನೆಯ ಕಲಮು, ಎರಡನೆಯ ಕಲಮು, ಬರತಕ್ಕದ್ದು, ಕೂರತಕ್ಕದ್ದು, ಇರತಕ್ಕದ್ದು. ಡೇರೆ ಸಾಗಿಸುವವನ ದನಿ ಅದು. ನಿಲ್ಲಿಸಲೂ ಆಗದೆ ಹನ್ನೊಂದೂ ಓದಿ ಮುಗಿಸಿದೆ.

ನಡುಮನೆಯ ಬಾಗಿಲ ಹಿಂದಿನಿಂದ ಆಕೆಯ ದನಿ ಬಂತು. ಹಿರಿಯರೆದುರು ಗಂಡನೊಡನೆ ನೇರ ಮಾತಾಡುವ ರೂಢಿ ಇರಲಿಲ್ಲ, ಅಪ್ಪನಿಗೆ ಹೇಳಿದಳು.

“ಅಪ್ಪಾ, ನಾ ಗಂಟು ಕಟ್ಟಿ ನಾಕು ದಿನಾ ಆತು. ಸೀರಿ ಕೆಳಗ, ತಂಬಗಿ ಮ್ಯಾಲ, ಯಾದ್ಯಾಗ ಇದ್ದಂಗ. ಅದರಾಗ ‘ಬರತಕ್ಕದ್ದು’ ಅಂತ ಭಾಳ ಕಡಿ ಐತಿ. ‘ಬಾ’ ಅಂತ ಎಲ್ಲಿ ಐತಿ, ಕೇಳು.”

ಮಾವನವರು ಕೇಳಲಿಲ್ಲ. ನನ್ನ ಮುಖ ನೋಡಿ, ದನಕ್ಕೆ ಮೇವು ಹಾಕಬೇಕು ಅಂತ ಎದ್ದು ಹಿತ್ತಲಿಗೆ ಹೋದರು. ಮಧ್ಯಾಹ್ನದಲ್ಲಿ ಯಾವ ದನಕ್ಕೆ ಯಾವ ಮೇವು? ನಮ್ಮಿಬ್ಬರನ್ನು ಬಿಡಲಿಕ್ಕೆಂದೇ ಅವರು ಎದ್ದದ್ದು.

ಪಡಸಾಲೆಯಲ್ಲಿ ನಾನೊಬ್ಬನೇ. ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. ಆಕೆ ಕಾಯುತ್ತಿದ್ದಾಳೆ ಅಂತ ನನಗೆ ತಿಳಿಯಿತು, ಕುರುಡನಿಗೂ ತಿಳಿಯುತ್ತಿತ್ತು. ಒಂದೇ ಅಕ್ಷರದ ಮಾತು. ಕೂಸು ಹೋದಾಗ ನಾನು ಬರಬೇಕಿತ್ತು, ತಪ್ಪಾಯಿತು, ಬಾ, ಅಂತ ಅಂದರೆ ಮುಗಿಯುತ್ತಿತ್ತು. ಬಾಯಿ ತೆರೆದೆ.

“ರೈಲು ನಾಕಕ್ಕ ಐತಿ” ಅಂದೆ.

ಒಳಗೆ ಬಳೆಯ ಸದ್ದು ಮತ್ತೆ ಕೇಳಿತು. ಆಮೇಲೆ, “ಹೂಂ. ಜ್ವಾಕಿ ಹೋಗ್ರಿ” ಅಂದಳು. ಈ ಸಲ ಅಪ್ಪನಿಗಲ್ಲ, ನನಗೇ ಹೇಳಿದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನಾನು ಇನ್ನೊಂದು ಗಳಿಗೆ ಕೂರುತ್ತಿದ್ದೆ.

ಆಕೆ ಆಮೇಲೂ ಬರಲಿಲ್ಲ, ನಾನು ಆಮೇಲೂ ಹೋಗಲಿಲ್ಲ. ಎಷ್ಟೋ ವರ್ಷ ಫಿರ್ತಿಯ ಯಾದಿ ಬರೆದೆ, ಮಂದಿಗೆ ದಾರಿ ಹೇಳಿದೆ, ಎಲ್ಲರೂ ಸುಖವಾಗಿ ಹೋಗಿ ಬಂದರು.

ಆ ದಿನ ಸ್ಟೇಶನ್ನಿಗೆ ತಿರುಗಿ ನಡೆಯುವಾಗ, ಊರು ದಾಟಿ ಹೊಲದ ಹಾದಿ ಹಿಡಿದ ಮೇಲೆ, ಆ ಮಾತು ತಾನಾಗಿ ಬಾಯಿಗೆ ಬಂತು. ಬಾ, ಅಂದೆ. ಎಷ್ಟು ಸಲೀಸಾಗಿ ಬಂತು! ಮತ್ತೊಮ್ಮೆ ಅಂದೆ, ಇನ್ನೂ ಸ್ವಲ್ಪ ಗಟ್ಟಿಯಾಗಿ. ಜೋಳದ ಬದುವಿನಲ್ಲಿ ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ತಿರುಗಿ ನೋಡಿ, ಹಾದಿಯ ಹಿಂದೆ ಮುಂದೆಯೂ ನೋಡಿದಳು.

“ಯಾರನ್ನ ಕರ್ಯಾಕ ಹತ್ತೀಯೋ ಯಪ್ಪಾ?” ಅಂದಳು.

ಯಾರನ್ನೂ ಇಲ್ಲ ಅಂದೆ. ರೈಲಿಗೆ ಇನ್ನೂ ಎರಡು ತಾಸು ಇತ್ತು.