ನಂದಕಿಶೋರ ಅಳಿಸಿದ ಬಿಳುಪು

ವಿಜಯಪುರದ ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಯಂತ್ರ ನಡೆಸುವ ನಂದಕಿಶೋರನಷ್ಟು ನೀಟಾದ ಮನುಷ್ಯನನ್ನು ನಾನು ಕಂಡಿಲ್ಲ. ಅಂಗಿಯ ಇಸ್ತ್ರಿಯೂ ನೀಟು, ತೆಗೆದ ಚಿತ್ರವೂ ನೀಟು. ಹನ್ನೊಂದು ವರ್ಷ ಕೌಂಟರಿನಲ್ಲಿ ಕೂತು ಅವನ ಫಿಲ್ಮುಗಳನ್ನು ಲಕೋಟೆಗೆ ಹಾಕಿ ಕೊಟ್ಟವಳು ನಾನು, ವಿದ್ಯಾವತಿ. ಅವನನ್ನು ಹೊಗಳಿ ಅಟ್ಟಕ್ಕೇರಿಸಿದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ನೆನೆದರೆ ಈಗ ಸಂಕಟವಾಗುತ್ತದೆ.

ಬೆನ್ನಿನ ಚಿತ್ರ ತೆಗೆಯುವಾಗ ರೋಗಿಯ ಕೆಳಗೆ ಕಾಯಿಲ್ ಎಂಬ ಹಲಗೆ ಇರುತ್ತದೆ. ಅದಕ್ಕೆ ಹತ್ತಿರದ ಭಾಗ ಬೆಳ್ಳಗೆ, ದೂರದ್ದು ಕಪ್ಪಗೆ ಬರುತ್ತದೆ. ಅದು ರೋಗವಲ್ಲ, ಯಂತ್ರದ ಗುಣ. ಆ ಬಿಳುಪು-ಕಪ್ಪನ್ನು ಆಮೇಲೆ ಕಂಪ್ಯೂಟರಿನಲ್ಲಿ ಸಮ ಮಾಡುತ್ತಾರೆ. ನಮ್ಮ ಜನವೋ, ಡಾಕ್ಟರಿಗಿಂತ ಮೊದಲು ತಾವೇ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡುವವರು. ಊರಿಗೆ ಒಯ್ದು ಓಣಿಗೆಲ್ಲ ತೋರಿಸಿ, "ಇಲ್ಲಿ ಬೆಳ್ಳಗ ಆಗೇತ್ರಿ, ಏನೋ ಐತಿ" ಎಂದು ಮರುದಿನ ಅಳುತ್ತ ಬರುವರು. ಅವರ ಗಾಬರಿ ನೋಡಲಾರದೆ ನಂದಕಿಶೋರ ಬೇಕಾದದ್ದಕ್ಕಿಂತ ಹೆಚ್ಚು ಸಮ ಮಾಡತೊಡಗಿದ. ವರದಿ ಬರೆಯುವ ಡಾಕ್ಟರಿಗೂ ಆ ತಿದ್ದಿದ ಚಿತ್ರವನ್ನೇ ಕಳಿಸುತ್ತಿದ್ದ. ಮೂಲ ಚಿತ್ರ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು.

ಟಿಕೋಟಾ ಕಡೆಯ ಕಳ್ಳಕವಟಗಿಯಿಂದ ಕಾಳವ್ವ ಬೆನ್ನುನೋವೆಂದು ಬಂದಳು. ವರದಿಯಲ್ಲಿ ಏನೂ ಇಲ್ಲವೆಂದಿತ್ತು. "ಫೋಟೋ ಎಷ್ಟ ಚಂದ ಬಂದೈತಿ ನೋಡಬೇ" ಎಂದು ಲಕೋಟೆ ಕೊಟ್ಟವಳು ನಾನೇ. ಎರಡು ತಿಂಗಳಲ್ಲಿ ಅವಳ ಕಾಲಿನ ಬಲ ಹೋಯಿತು. ಮತ್ತೆ ಸ್ಕ್ಯಾನ್ ಮಾಡಿದರೆ ಬೆನ್ನುಮೂಳೆಯಲ್ಲಿ ಕೀವು.

ನಂದಕಿಶೋರ ಹಳೆಯ ಮೂಲ ಚಿತ್ರ ತೆರೆದು ನೋಡಿದ. ಕೀವಿನ ಬಿಳುಪು ಆಗಲೇ ತೆಳ್ಳಗೆ ಅಲ್ಲಿತ್ತು. ಕಾಯಿಲಿನದೆಂದು ಅವನೇ ಅಳಿಸಿಬಿಟ್ಟಿದ್ದ. ಡಾಕ್ಟರಿಗೆ ಹೋಗಿ ಹೇಳಿದ, ಬೈಸಿಕೊಂಡ. ಕಾಳವ್ವನಿಗೆ ಆಪರೇಶನ್ ಆಯಿತು, ಕಾಲಿನ ಬಲ ಮಾತ್ರ ಮರಳಿ ಬರಲಿಲ್ಲ.

"ಆಕಿಗೆ ಹೇಳದ ಇದ್ರ ನನಗ ಅನ್ನ ಇಳಿಯಂಗಿಲ್ರಿ ವಿದ್ಯಾವತಿಯವ್ರ" ಎಂದ. ರವಿವಾರ ಇಬ್ಬರೂ ಬಸ್ ಹತ್ತಿ ಹೋದೆವು.

ಕಾಳವ್ವ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದಳು. ನಂದಕಿಶೋರ ನೆಲದ ಮೇಲೆ ಕೂತ. "ತಪ್ಪು ನಂದೈತ್ರಿ ಯವ್ವಾ. ಮೊದಲನೇ ಫೋಟೋದಾಗ ರೋಗ ಇತ್ತು. ಚಂದ ಕಾಣ್ಲಿ ಅಂತ ನಾನ ತಿದ್ದಿ ಅಳಿಸಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ನಮಗೆ ಹಗುರಾಗುತ್ತಿತ್ತು. ತಲೆದಿಂಬಿನ ಕೆಳಗಿನಿಂದ ಎರಡನೆಯ ಸಲದ ಫಿಲ್ಮ್ ಎಳೆದು ಅವನತ್ತ ಚಾಚಿದಳು.

"ಹಂಗಾರ ಇದನ್ನೂ ಒಂದೀಟು ತಿದ್ದಿ ಕೊಡ್ರೆಪಾ. ನಾಳಿ ಸಾರವಾಡದಿಂದ ನನ್ನ ಮಗಳು ಬರ್ತಾಳ, ತುಂಬಿದ ಬಸುರಿ. ಕಾಲು ತಾನಾಗೇ ಸರಿಹೋಗ್ತಾವು ಅಂತ ಆಕಿಗೆ ಹೇಳೇನಿ."