ದಾರದ ಚಾಚಿಯ ರಬ್ಬರು ಗಂಟು

ಮೊನ್ನೆ ಅಫಜಲಪುರದಲ್ಲಿ ಗಾಡಿ ಪಂಕ್ಚರ್ ಆಗಿ ಒಂದು ಸೈಕಲ್ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಡಬ್ಬಿಯೊಳಗಿಂದ ವಾಲ್ ಟ್ಯೂಬಿನ, ಅಂದರೆ ಸೈಕಲ್ ವಾಲ್ವಿಗೆ ಏರಿಸುವ ಸಣ್ಣ ರಬ್ಬರು ನಳಿಗೆಯ, ಸುರುಳಿ ತೆಗೆದ. ಹೊಸ ರಬ್ಬರಿನ ಆ ವಾಸನೆ, ಅದರ ಮೇಲಿನ ಬಿಳಿ ಪುಡಿ... ಪಂಕ್ಚರ್ ಮರೆತೇ ಹೋಯಿತು. ಕಣ್ಣ ಮುಂದೆ ಬಂದವಳು ನಮ್ಮ ಆಳಂದದ ದಾರದ ಚಾಚಿ.

ಹೆಸರು ಹಿಡಿದು ಅವಳನ್ನು ಯಾರೂ ಕರೆದದ್ದು ನಾನು ಕೇಳಿಲ್ಲ. ದಾರ ಹೊಸೆಯುವುದು ಅವಳ ಮನೆತನದ ಕೆಲಸ. ನಮ್ಮ ಓಣಿಯ ಲಿಂಗಾಯತರ ಮನೆಗಳಲ್ಲಿ ಕೊರಳಿನ ಶಿವದಾರ ಸವೆದರೆ, ಲಿಂಗದ ಕರಡಿಗೆಯ ಕುಣಿಕೆ ಸಡಿಲವಾದರೆ, ಎಲ್ಲರೂ ಹೋಗುತ್ತಿದ್ದದ್ದು ಈ ಮುಸಲ್ಮಾನ ಹೆಂಗಸಿನ ಕಟ್ಟೆಗೇ. ನನ್ನ ಅಜ್ಜಿಯಂತೂ ಬೇರೆ ಯಾರ ಗಂಟನ್ನೂ ನಂಬುತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ನಾನು ಒಂಬತ್ತನೆಯ ಇಯತ್ತೆ. ಖೋಖೋ ಆಟದಲ್ಲಿ ನನ್ನನ್ನು ಹಿಡಿಯುವವರು ಶಾಲೆಯಲ್ಲೇ ಇರಲಿಲ್ಲ. ಜಂಬವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ತೊಂದರೆಯೆಲ್ಲ ಮೂಗಿನ ಮೇಲಿನ ದಪ್ಪ ಕನ್ನಡಕದ್ದು. ತೆಗೆದಿಟ್ಟರೆ ಕಂಬ ಯಾವುದು, ಹುಡುಗಿ ಯಾವಳು ಎಂದೇ ತಿಳಿಯದು. ಹಾಕಿಕೊಂಡರೆ ಬಗ್ಗಿದಾಗಲೆಲ್ಲ ಹಾರಿ ಬೀಳುವುದು. ಆ ವರ್ಷ ಎರಡು ಸಲ ಒಡೆದಿತ್ತು. ಅಪ್ಪ ಒಂದೇ ಮಾತು ಹೇಳಿದ: “ಇನ್ನೊಮ್ಮೆ ಚಸ್ಮಾ ಒಡೀತಂದ್ರ ಆಟ ಬಂದ್.” ಅಪ್ಪನ ಮಾತೆಂದರೆ ಕಲ್ಲಿನ ಮೇಲಿನ ಗೆರೆ. ಜೇವರ್ಗಿ ಶಾಲೆಯ ಹುಡುಗಿಯರ ಮೇಲೆ ಪಂದ್ಯಕ್ಕೆ ಹತ್ತೇ ದಿನ ಉಳಿದಿತ್ತು.

ಅಜ್ಜಿ ನನ್ನನ್ನು ಎಳೆದುಕೊಂಡು ಹೋಗಿ ಚಾಚಿಯ ಮುಂದೆ ಕೂರಿಸಿದಳು. “ಲಿಂಗ ಬೀಳದಂಗ ಕಟ್ಟಾಕಿ ನೀ. ಇಕಿ ಚಸ್ಮಾ ಬೀಳದಂಗ ಕಟ್ಟಾಕ ಆಗಂಗಿಲ್ಲೇನು?” ಎಂದಳು.

ಚಾಚಿ ನಕ್ಕಳು. ದರ್ಜಿಯ ಅಂಗಡಿಯಿಂದ ಗುಂಡನೆಯ ಇಲಾಸ್ಟಿಕ್ಕು ತರಿಸಿದಳು, ಸೈಕಲ್ ಅಂಗಡಿಯಿಂದ ಗೇಣುದ್ದ ವಾಲ್ ಟ್ಯೂಬು. ಟ್ಯೂಬಿನ ಎರಡು ತುಂಡುಗಳನ್ನು ಕನ್ನಡಕದ ಎರಡೂ ಕಡ್ಡಿಗಳಿಗೆ ಬಿಗಿಯಾಗಿ ಏರಿಸಿ, ಒಂದೊಂದಕ್ಕೂ ಪುಟ್ಟ ಹಿತ್ತಾಳೆಯ ಉಂಗುರ ಕಟ್ಟಿದಳು. ಇಲಾಸ್ಟಿಕ್ಕಿನ ತುದಿಗಳಿಗೆ ಕುಪ್ಪಸದ ಹುಕ್ಕು, ಅದರ ಮೇಲೆ ಕೆಂಪು ರೇಷ್ಮೆಯ ಸುತ್ತು, ಸುತ್ತಿಗೆ ಜೇನುಮೇಣ. ಹುಕ್ಕುಗಳನ್ನು ಉಂಗುರಕ್ಕೆ ಸಿಕ್ಕಿಸಿದರೆ ಇಲಾಸ್ಟಿಕ್ಕು ತಲೆಯ ಹಿಂದೆ ಬಿಗಿಯಾಗಿ ಕೂರಬೇಕು. ನೋಡಲು ಒಡವೆಯ ಹಾಗಿತ್ತು. ನಾನು ಕುಣಿಯುತ್ತ ಮೈದಾನಕ್ಕೆ ಹೋದೆ.

ಮೊದಲನೆಯ ಜಿಗಿತಕ್ಕೇ ಇಲಾಸ್ಟಿಕ್ಕು ಗಂಟಿನೊಳಗಿಂದ ಜಾರಿತು. ಕನ್ನಡಕ ಹಾರಿ ಮಣ್ಣಿಗೆ ಬಿತ್ತು. ಗಾಜು ಉಳಿದದ್ದು ನನ್ನ ಪುಣ್ಯ, ಕಡ್ಡಿ ಮಾತ್ರ ಸೊಟ್ಟಗಾಯಿತು. ಅಳುತ್ತ ಚಾಚಿಯ ಕಟ್ಟೆಗೆ ಓಡಿ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ಸಿಟ್ಟಾಗಲಿಲ್ಲ. ಖಾಲಿಯಾದ ರೇಷ್ಮೆ ಸುತ್ತನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. ಇಲಾಸ್ಟಿಕ್ಕನ್ನು ಎಳೆದಳು, ಬಿಟ್ಟಳು, ಮತ್ತೆ ಎಳೆದಳು...

“ಗಲತಿ ನಂದೇ ಬೇಟಿ. ಶಿವದಾರ ಕಟ್ಟಿದಂಗ ಕಟ್ಟೇನಿ. ರೇಷ್ಮಿ ಎಳದ್ರೂ ಅಷ್ಟೇ, ಬಿಟ್ರೂ ಅಷ್ಟೇ. ರಬ್ಬರ್ ಎಳದ್ರ ಸಣ್ಣ ಆಗ್ತದ, ಗಂಟಿನ್ಯಾಗಿಂದ ಜಾರ್ತದ. ಇದನ್ನ ಎಳದು ಹಿಡದಾಗೇ ಕಟ್ಟಬೇಕು.”

ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಇಲಾಸ್ಟಿಕ್ಕು ನೂಲಿನಷ್ಟು ತೆಳ್ಳಗಾಗುವ ತನಕ ಎಳೆದು, ಹಾಗೆಯೇ ರೇಷ್ಮೆ ಸುತ್ತಿದಳು. ಕೈ ಬಿಟ್ಟಾಗ ಅದು ಉಬ್ಬಿ ಗಂಟಿನಲ್ಲಿ ಗಟ್ಟಿಯಾಗಿ ಕೂತಿತು. ಹಲ್ಲಿನಿಂದ ಜಗ್ಗಿದರೂ ಬರಲಿಲ್ಲ. ಸೊಟ್ಟಗಾದ ಕಡ್ಡಿಯನ್ನೂ ಅವಳೇ ನೆಟ್ಟಗೆ ಮಾಡಿದಳು.

ಪರೀಕ್ಷೆಗೆಂದು ಕನ್ನಡಕವನ್ನು ತಾನೇ ಹಾಕಿಕೊಂಡು ತಲೆ ಕೊಡವಿದಳು, ಬಗ್ಗಿದಳು, ಎದ್ದಳು. ಆಮೇಲೆ ರಸ್ತೆಯಾಚೆ ನೋಡುತ್ತ ನಿಂತೇ ಬಿಟ್ಟಳು.

“ಯಾ ಅಲ್ಲಾ... ಆ ಬೇವಿನ ಗಿಡಕ್ಕ ಇಷ್ಟೊಂದು ಎಲಿ ಅದಾವೇನು? ಒಂದೊಂದೂ ಬ್ಯಾರೆ ಬ್ಯಾರೆ ಕಾಣಾಕತ್ತಾವಲ್ಲ!”

“ಎಲ್ಲಾರಿಗೂ ಕಾಣ್ತಾವು ಚಾಚಿ. ಕೊಡ್ರಿ, ತಡ ಆಗಾಕತ್ತದ,” ಎಂದವಳೇ ಕನ್ನಡಕ ಕಿತ್ತುಕೊಂಡು ಓಡಿದೆ.

ಪಂದ್ಯದ ದಿನ ಮೊಣಕಾಲು ಎರಡೂ ಸುಲಿದವು, ಜಡೆ ಬಿಚ್ಚಿತು, ಕನ್ನಡಕ ಅಲುಗಲಿಲ್ಲ. ನಾವು ಗೆದ್ದೆವು. ಗೆರೆಯ ಹೊರಗೆ ನಿಂತು ನೋಡಿದ್ದ ಅಪ್ಪ ಮರಳುವಾಗ ಮಿರ್ಚಿ ಭಜಿ ಕೊಡಿಸಿದ. ಆಟ ಉಳಿಯಿತೆಂದು ಅದರಿಂದಲೇ ತಿಳಿಯಿತು. ಖುಷಿಯಲ್ಲಿ, ಚಾಚಿ ನನ್ನ ಕನ್ನಡಕ ಹಾಕಿಕೊಂಡು ಬೇವಿನ ಎಲೆ ನೋಡುತ್ತ ನಿಂತದ್ದನ್ನು ನಗುತ್ತ ಹೇಳಿದೆ. ಅಪ್ಪ ನಗಲಿಲ್ಲ.

“ಹಂಗಂದ್ರ ಆಕಿಗಿ ಈ ತನಕ ಕಂಡೇ ಇಲ್ಲಬೇ,” ಎಂದ.

ನನ್ನ ಕೈಯ ಭಜಿ ಕೈಯಲ್ಲೇ ಉಳಿಯಿತು. ಅವಳ ಕೆಲಸವೆಲ್ಲ ಮೊಣಕೈ ಅಳತೆಯೊಳಗೆ ಮುಗಿಯುತ್ತಿತ್ತು. ದೂರದ್ದು ಕಾಣುತ್ತದೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ತನಗೆ ಕಾಣುವುದೇ ಎಲ್ಲರಿಗೂ ಕಾಣುವುದೆಂದು ಅವಳೂ ತಿಳಿದಿದ್ದಳು. ಮರುವಾರ ಅಪ್ಪನೂ ಅಜ್ಜಿಯೂ ಅವಳನ್ನು ಬಸ್ಸಿನಲ್ಲಿ ಗುಲಬರ್ಗಾಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಹೊಸ ಕನ್ನಡಕ ಹಾಕಿಕೊಂಡು ಬರುವಾಗ ದಾರಿಯುದ್ದಕ್ಕೂ ಕಿಟಕಿ ಬಿಡಲಿಲ್ಲವಂತೆ. ತೊಗರಿ ಹೂವು ನೋಡು, ತಂತಿ ಮೇಲಿನ ಹಕ್ಕಿ ನೋಡು ಎಂದು ಅಜ್ಜಿಯ ತಲೆ ತಿಂದಳಂತೆ.

ಚಾಚಿ ತೀರಿಕೊಂಡಾಗ ನಾನು ದೂರದ ಊರಿನಲ್ಲಿ ಆಟದ ಟೀಚರ್ ಆಗಿದ್ದೆ. ಸುದ್ದಿ ತಡವಾಗಿ ಬಂತು, ಮಣ್ಣಿಗೆ ಹೋಗಲಾಗಲಿಲ್ಲ. ಈಗ ಆ ಕಟ್ಟೆಯ ಮೇಲೆ ಯಾರೂ ದಾರ ಹೊಸೆಯುವುದಿಲ್ಲ. ಆ ಕಡೆ ಹೋದಾಗಲೆಲ್ಲ ಅಳು ಬರುತ್ತದೆ, ಸುಳ್ಳೇಕೆ ಹೇಳಲಿ. ಜೊತೆಗೇ ಅವಳನ್ನು ಕಡೆಯ ಸಲ ಕಂಡದ್ದೂ ನೆನಪಾಗಿ ಮನಸ್ಸು ಹಗುರಾಗುತ್ತದೆ. ಅಂದು ನಾನು ಬಸ್ಸಿಳಿದು ಓಣಿಯ ತುದಿಯಲ್ಲಿ ತಿರುಗಿದ್ದೆನಷ್ಟೇ. ಚಾಚಿ ಆ ತುದಿಯ ಕಟ್ಟೆಯಿಂದಲೇ ಕೂಗಿದಳು: “ಬಾ ಬೇಟಿ! ಯಾಕ ಮಾರಿ ಇಷ್ಟು ಸೊರಗ್ಯದ?”