ಜಗಳಿಲ್ಲದ ಸೀಗಿ ಹುಣ್ಣಿವಿ

ನಮ್ಮತ್ತಿ ಬಾಯಿ ಭಾಳ ಜೋರು. ಅಂಥಾಕಿ ಆ ವರ್ಷ ಸೀಗಿ ಹುಣ್ಣಿವಿ ಹತ್ರ ಬಂದಾಗ ನನ್ನನ್ನೂ ನಮ್ಮ ನೆಗೆಣ್ಣಿನ್ನೂ ಒಲಿ ಮುಂದ ಕುಂಡ್ರಿಸಿ ಮೆಲ್ಲಕ ಹೇಳಿದಳು: "ಹಬ್ಬ ಮುಗಿಯೋತನ ಈ ಮನ್ಯಾಗ ಒಂದು ಕೆಟ್ಟ ಮಾತು ಬರಬಾರದು. ನಾನೇ ಬೈದ್ರೂ ತಿರುಗಿ ಅನ್ನಬ್ಯಾಡ್ರಿ. ನುಂಗಿಕೊಳ್ರಿ."

ನೆಗೆಣ್ಣಿ ಅಂದ್ರ ಭಾವನ ಹೆಂಡತಿ. ನಾನು ಆಕಿಗೆ ಅಕ್ಕ ಅಂತಿದ್ದೆ. ಆಕಿ ಮತ್ತ ನಾನು ದಿನಾ ಯಾವುದರ ಒಂದಕ್ಕ ಕಚ್ಚಾಡತಿದ್ವಿ. ರೊಟ್ಟಿ ದಪ್ಪ ಆತು, ನೀರು ತರಲಿಕ್ಕೆ ನಿನ್ನ ಪಾಳಿ, ಎಮ್ಮಿ ಯಾರು ಹಿಂಡಬೇಕು, ಇಂಥವು. ಅತ್ತಿ ಹೇಳಿದ್ದು ಕೇಳಿ ಅಕ್ಕ ನನ್ನ ಮಾರಿ ನೋಡಿದಳು, ನಾನು ಆಕಿ ಮಾರಿ ನೋಡಿದೆ. ಇದೇನು ಹೊಸಾದು ಅಂತ.

ಕಾರಣ ಇಬ್ಬರಿಗೂ ಗೊತ್ತಿತ್ತು. ನಮ್ಮ ಮನಿಯವರಿಗೆ ವಾಡಿ ಸಿಮೆಂಟ್ ಕಾರ್ಖಾನ್ಯಾಗ ನೌಕರಿ ಕಾಯಂ ಆಗಿತ್ತು. ಇರಲಿಕ್ಕೆ ಕ್ವಾಟರ್ಸು ಕೊಟ್ಟಿದ್ರು. ನಾಗರ ಪಂಚಮಿಗೆ ಊರಿಗೆ ಬಂದಾಗ ಅಣ್ಣಗ, "ಹೊಲ ಹಂಚಿಕೊಂಡು ಬಿಡೋಣ. ನನ್ನ ಪಾಲು ಅರ್ಧ ಬೆಳಿ ಕೊಡೋಹಂಗ ಯಾರಿಗರ ಪಾಲಿಗೆ ಹಚ್ತೀನಿ, ಹೆಂಡ್ತಿನ್ನ ಕರಕೊಂಡು ಹೋಗ್ತೀನಿ" ಅಂದ್ರು. ಭಾವ ಉಣ್ಣೋ ತಾಟು ಸರಿಸಿ ಎದ್ದ. "ನಾ ಸತ್ತ ಮ್ಯಾಲ ಹಂಚಿಕೋ" ಅಂದ. ಇಬ್ಬರೂ ಅಂಗಳದಾಗ ನಿಂತು ಒದರಾಡಿದ್ರು. ಓಣಿ ಮಂದಿ ಬಂದು ಬಿಡಿಸಿದ್ರು. ಹೊಲದ ಮಾತು ಅಲ್ಲಿಗೇ ನಿಂತಿತ್ತು.

ಆ ಹೊಲ ಅತ್ತಿದು ಅನ್ನಬೇಕು. ಕಾಗದದಾಗ ಯಾರ ಹೆಸರಿತ್ತೋ ನನಗೆ ಗೊತ್ತಿಲ್ಲ. ಮಾವ ತೀರಿಕೊಂಡಾಗ ಇಬ್ಬರೂ ಮಕ್ಕಳು ಸಣ್ಣವರು. ಆಕಿ ಒಬ್ಬಾಕಿನೇ ಕಲ್ಲು ಆರಿಸಿ, ಮಂದಿ ಕೂಡ ಜಗಳಾಡಿ ಅದನ್ನ ಉಳಿಸಿಕೊಂಡಿದ್ದಳು. ಒಂದು ಹೊಲ, ಒಂದು ಒಲಿ. ಅದು ಎರಡಾಗೋದು ಆಕಿಗೆ ಬ್ಯಾಡಾಗಿತ್ತು. ಹುಣ್ಣಿವಿ ದಿನ ಮಕ್ಕಳು ಹೊಲದಾಗ ಕೂಡಿ ಕೂತು ಹೊಟ್ಟಿ ತುಂಬ ಉಂಡ್ರ, ನಕ್ರ, ಬ್ಯಾರೆ ಆಗೋ ಮಾತು ಮರೀತಾರ ಅಂತ ಆಕಿ ಲೆಕ್ಕ.

ನನಗೆ ಕ್ವಾಟರ್ಸು ಬೇಕಾಗಿತ್ತು, ಸುಳ್ಳ್ಯಾಕ ಹೇಳ್ಲಿ. ಮನಿ ಮುಂದೇ ನಳ ಅದ ಅಂತ ಕೇಳಿದ್ದೆ. ಹಂಗಂತ ಈ ಮನಿ ಬಿಟ್ಟುಬಿಡೋದೂ ಬೇಕಿರಲಿಲ್ಲ. ಎರಡೂ ಕೂಡಿ ಸಿಗಂಗಿಲ್ಲ ಅಂತ ಆಗ ತಲಿಗೆ ಹೋಗಲಿಲ್ಲ.

ಹುಣ್ಣಿವಿ ದಿನ ಕೋಳಿ ಕೂಗೋದ್ರಾಗ ಎದ್ದು ಒಲಿ ಹಚ್ಚಿದ್ವಿ. ಹೊಸಾ ಸಜ್ಜಿ ರೊಟ್ಟಿ, ಹೂರಣದ ಕಡಬು, ಪುಂಡಿಪಲ್ಯ, ಎಣ್ಣಿಗಾಯಿ, ಮೊಸರನ್ನ. ಹೊಗಿ ಕಣ್ಣಾಗ ಹೊಕ್ಕಿತ್ತು. ಅಕ್ಕ ಅಂದಳು, "ನೀ ಸರಿ ತಂಗಿ, ನಾ ಬಡೀತೀನಿ, ನಿನ್ನ ಕೈ ಸುಟ್ಟಾವು."

"ಬ್ಯಾಡಕ್ಕ, ನೀ ಕುಂದ್ರು. ನಿನ್ನ ಸೊಂಟ ಹಿಡದದ."

"ಅಯ್ಯ, ನನ್ನ ಸೊಂಟದ ಚಿಂತಿ ನಿನಗ ಯಾವಾಗ ಹತ್ತಿತು?" ಅಂದು ಆಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೂ ನಗು ತಡೀಲಿಲ್ಲ. ಸೋಗು ಹಾಕ್ಲಿಕ್ಕೆ ಹೋಗಿ ಖರೇನೇ ಚಂದ ಅನಿಸಲಿಕತ್ತಿತ್ತು. ಅತ್ತಿ ಹೊರಗ ಕೂತು ಕೇಳಲಿಕತ್ತಿದ್ದಳು.

ನಮ್ಮ ಮನಿಯವರು ಬೆಳಗಿನ ಗಾಡಿಗೆ ನಾಲವಾರ ಠೇಶನ್ನಿನಾಗ ಇಳಿದ್ರು. ಯಾವಾಗ್ಲೂ ನಡಕೊಂಡು ಬರ್ತಿದ್ರು. ಅವತ್ತು ಭಾವ ತಾನೇ ಬಂಡಿ ಹೂಡಿಕೊಂಡು ಹೋಗಿ ಕರಕೊಂಡು ಬಂದ. ಇವರು ಅಣ್ಣಗಂತ ಒಂದು ಹೊಸಾ ಧೋತರ ತಂದಿದ್ರು. ಅತ್ತಿ ಅದನ್ನ ನೋಡಿ ನನ್ನ ಕಡಿ ಹುಬ್ಬು ಹಾರಿಸಿದಳು. ನೋಡಿದೇನು, ಅನ್ನೋಹಂಗ.

ಹೊಲದಾಗ ಅರ್ಧ ಜ್ವಾಳ ನಿಂತಿತ್ತು, ಅರ್ಧ ತೊಗರಿ ಹೂ ಬಿಟ್ಟಿತ್ತು. ಭೂಮ್ತಾಯಿ ಬಸರಿ ಇರ್ತಾಳ, ಅವತ್ತು ಆಕಿಗೆ ಬಯಕಿ ಊಟ ಕೊಡೋದು. ಬನ್ನಿಗಿಡದ ಬುಡದಾಗ ಐದು ಕಲ್ಲಿಗೆ ಸುಣ್ಣ ಬಳದು ಪೂಜಿ ಮಾಡಿದ್ವಿ. ಅಕ್ಕ ಬೆಳಿಗೆ ಉಡಿ ತುಂಬಿದಳು. ಆಮ್ಯಾಲ ಚರಗ. ಮಾಡಿದ ಅಡಿಗಿ ಎಲ್ಲಾ ಸ್ವಲ್ಪ ಸ್ವಲ್ಪ ಕಲಸಿ, ಭಾವ ಮುಂದ ಮುಂದ ಬೆಳಿಯೊಳಗ ಚೆಲ್ಲಿಕೋತ ಹೋದ, ನಮ್ಮ ಮನಿಯವರು ಹಿಂದಿಂದ ತಂಬಿಗಿ ಹಿಡಕೊಂಡು ನೀರು ಚಿಮುಕಿಸಿಕೋತ ಹೋದ್ರು. ಹೊಲದ ಸುತ್ತ ಇಬ್ಬರೂ ಕೂಗಿಕೋತ ಹೋಗೋ ದನಿ ಒಂದರ ಹಿಂದ ಒಂದು ಕೇಳತಿತ್ತು. ಅತ್ತಿ ಆ ದನಿ ಹೋದ ಕಡಿ ಮಾರಿ ತಿರುಗಿಸಿಕೋತ ಕೂತಿದ್ದಳು.

ಬಾಜು ಹೊಲದ ಮುಸಲ್ಮಾನರ ಹಿರಿಯಾನ್ನ ಪ್ರತಿ ವರ್ಷ ಊಟಕ್ಕ ಕರೀತಿದ್ವಿ. ಎಲ್ಲಾರೂ ಚಾಚಾ ಅಂತಿದ್ವಿ. ಊರಾಗ ಅಣ್ಣ ತಮ್ಮರು ಬಡದಾಡಿದ್ರ ನಡುವ ಕುಂದ್ರೋ ದೊಡ್ಡ ಮನಿಷಾ ಅವನೇ. ಸಿಟ್ಟಿನಾಗ ಬ್ಯಾರೆ ಆಗಬಾರದು, ಇನ್ನೊಂದು ಸುಗ್ಗಿ ತಡೀರಿ ಅಂತ ಹೇಳಿ ಕಳಿಸ್ತಿದ್ದ. ಹಂಗ ತಡದು ತಡದು ಮುದುಕರಾದ ಅಣ್ಣ ತಮ್ಮರು ನಮ್ಮೂರಾಗ ಭಾಳ ಇದ್ರು.

ಚಾಚಾ ನಮ್ಮ ಮನಿಯವರ ತಲಿ ನೋಡಿ ಅಂದ, "ಅರೇ, ಕೂದಲಾಗ ಸಿಮೆಂಟ್ ಹಂಗೇ ಅದಲ್ಲೋ! ಮಳ್ಯಾಗ ಹೋಗಬ್ಯಾಡ ಮತ್ತ, ಟೊಪಗಿ ಹಾಕ್ಕೊಂಡಂಗ ಗಟ್ಟಿ ಆಗಿಬಿಡ್ತದ."

"ಅವನ ತಲಿ ಮೊದಲೇ ಗಟ್ಟಿ ಅದ ಚಾಚಾ, ಸಿಮೆಂಟ್ ದಂಡ" ಅಂದ ಭಾವ. ಎಲ್ಲಾರೂ ನಕ್ಕೆವು. ಅಣ್ಣ ತಮ್ಮಗ ಕಡಬು ಬಡಿಸಿದ, ನಮ್ಮ ಮನಿಯವರು ಅಣ್ಣನ ತಾಟಿಗೆ ತುಪ್ಪ ಸುರುವಿದ್ರು. ಅಂಥಾ ಊಟ ನಾನು ಆ ಮನ್ಯಾಗ ಮೊದಲ ಉಂಡಿದ್ದಿಲ್ಲ. ಅತ್ತಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು.

ಆವಾಗ ಭಾವ ಕೈ ತೊಳಕೊಂಡು ಬಂದು ಅಂದ, "ತಮ್ಮಾ, ಪಂಚಮ್ಯಾಗ ನಾ ಸಿಟ್ಟಿಲೆ ಮಾತಾಡಿದೆ. ಮನಸಿನ್ಯಾಗ ಇಟ್ಟಕೋಬ್ಯಾಡ. ನೀ ಹೇಳಿದ್ದು ಖರೇ ಅದ. ಇಷ್ಟು ಚಲೋ ದಿನ ಮತ್ತ ಸಿಗಂಗಿಲ್ಲ, ಇವತ್ತೇ ಹಂಚಿಕೊಂಡು ಬಿಡೋಣ. ಜಗಳಾಡಿ ಬ್ಯಾರೆ ಆದ್ರ ಮಂದಿ ನಗ್ತಾರ. ನಾವೇ ನಕ್ಕೋತ ಆಗೋಣ."

ಅತ್ತಿ ಮೊದಲ ಚಾಷ್ಟಿ ಅಂದುಕೊಂಡಳು. ನಮ್ಮ ಮನಿಯವರ ಕಣ್ಣಾಗ ನೀರು ಬಂದಿತ್ತು. "ನೀ ಎಲ್ಲಿ ತೋರಸ್ತಿ ಅಲ್ಲಿ, ಅಣ್ಣಾ. ತೊಗರಿ ಇರೋ ಕಡಿ ಹೊಲ ನೀನೇ ಇಟ್ಟಕೋ, ಅಲ್ಲಿ ಭೂಮಿ ಚಲೋ ಅದ."

"ಏ ಬ್ಯಾಡ, ಅದು ನಿನಗಿರಲಿ. ನೀ ದೂರ ಇರ್ತಿ."

"ದುಡಿಯಾಂವ ನೀನು."

ನಿನಗಿರಲಿ, ನಿನಗಿರಲಿ ಅಂತ ಇಬ್ಬರೂ ಹಟ ಹಿಡಿದ್ರು. ತಗೋಳ್ಲಿಕ್ಕೆ ಬಡದಾಡೋರನ್ನ ನೋಡೀನಿ, ಕೊಡ್ಲಿಕ್ಕೆ ಬಡದಾಡೋರನ್ನ ಅವತ್ತೇ ನೋಡಿದ್ದು. ಅತ್ತಿ ಚಾಚಾನ ಕಡಿ ತಿರುಗಿದಳು. "ನೀವರ ಹೇಳ್ರಿ ಇವರಿಗೆ."

ಚಾಚಾ ತಲಿ ಕೆಳಗ ಹಾಕಿದ. "ಏನ್ ಹೇಳ್ಲಿ ಭಾಭಿ? ಕೊಡ್ಲಿ ಎತ್ತಿದ್ರ ಕೈ ಹಿಡೀತಿದ್ದೆ. ಇವರು ಅಪ್ಪಿಕೊಳ್ಳಲಿಕತ್ತಾರ. ಏನಂತ ಬಿಡಿಸ್ಲಿ?"

ಕಡೀಗೆ ಜ್ವಾಳದಾಗ ಅರ್ಧ, ತೊಗರ್ಯಾಗ ಅರ್ಧ ಅಂತ ಒಪ್ಪಿ ಅಣ್ಣ ತಮ್ಮ ಜ್ವಾಳದೊಳಗ ಇಳಿದ್ರು. ಆಜೂ ಬಾಜೂ ಇದ್ದ ಎರಡು ದಂಟು ಬಗ್ಗಿಸಿ ಗಂಟು ಹಾಕೋದು, ಸ್ವಲ್ಪ ಮುಂದ ಹೋಗೋದು, ಮತ್ತ ಎರಡು ಬಗ್ಗಿಸೋದು. ಅದೇ ಗಡಿ. ಸಣ್ಣವರಿದ್ದಾಗ ಇದೇ ಹೊಲದಾಗ ಹಾವಿಗೆ ಅಂಜಿ ಓಡಿದ್ದು ನೆನಸಿಕೊಂಡು ನಗಲಿಕತ್ತಿದ್ರು. ದನಿ ದೂರ ದೂರ ಹೊಂಟಿತ್ತು.

ಆವಾಗ ಅತ್ತಿ ಎದ್ದು ನಿಂತಳು. ನಮ್ಮ ಕಡಿ ತಿರುಗಿ, ಹೊಲದಾಚಿ ಮಂದಿಗೂ ಕೇಳೋಹಂಗ ಒದರಿದಳು. ಅಕ್ಕಗ ಅಂದಳು, "ಕಡಬಿನ್ಯಾಗ ಉಪ್ಪು ಸುರುವಿಯಲ್ಲ! ಹಬ್ಬದ ಅಡಿಗಿ ಹಿಂಗೇನು ಮಾಡೋದು? ನಿಮ್ಮವ್ವ ಕಲಸ್ಲಿಲ್ಲೇನು?"

ಕಡಬು ಚಲೋನೇ ಆಗಿತ್ತು. ಅಕ್ಕ ಗಾಬರಿ ಆದಳು, ಆದ್ರ ಹೇಳಿದ್ದು ನೆನಪಿತ್ತು. "ಹೌದ್ರಿ ಅತ್ತಿ, ತಪ್ಪಾತು" ಅಂದಳು.

ಅತ್ತಿ ನನ್ನ ಮ್ಯಾಲ ಬಂದಳು. "ಮತ್ತ ನೀನು, ಸಣ್ಣಾಕಿ! ಈ ಮನಿ ಅನ್ನ ಉಂಡು ನಳದ ನೀರಿಗೆ ಬಾಯಿ ಬಿಡಾಕಿ! ನಿನ್ನ ದೊಡ್ಡ ನೆಗೆಣ್ಣಿ ಹಿಂದ ನಿನಗ ಏನೇನ್ ಅಂತಾಳ ಗೊತ್ತದೇನು? ಕೇಳು ಆಕಿನ್ನ, ಕೇಳು!"

ನನಗೆ ಮೈ ಉರೀತು. ಬಾಯಿತನ ಬಂದ ಮಾತು ನುಂಗಿದೆ. ನುಂಗಿಕೊಳ್ರಿ ಅಂತ ಆಕಿನೇ ಹೇಳಿದ್ದಳಲ್ಲ. ಅಕ್ಕ ನನ್ನ ಕೈ ಹಿಡಕೊಂಡಳು, ನಾನೂ ಹಿಡಕೊಂಡೆ. ಅತ್ತಿ ನಮ್ಮಿಬ್ಬರ ಕೈ ನೋಡಿದಳು. ಇನ್ನ ಏನೋ ಅನ್ನಲಿಕ್ಕೆ ಹೋದಾಕಿ ಹಂಗೇ ಕೂತಳು. ಆಕಿ ಹಾಕಿಸಿಕೊಂಡ ಅನ್ನ ತಾಟಿನ್ಯಾಗೇ ಇತ್ತು.

ಆಕಿ ಯಾಕ ಬೈದಳು ಅಂತ ನನಗೆ ತಿಳದದ್ದು ವಾಡಿಗೆ ಹೋದ ಮ್ಯಾಲ. ಒಂದಿನ ನಳದ ಮುಂದ ಪಾಳಿ ನಿಂತು ಕೊಡ ಇಟ್ಟಾಗ ಥಟ್ಟಂತ ಹೊಳೀತು. ನಾವಿಬ್ಬರೂ ಅವತ್ತು ಜಡಿ ಹಿಡಕೊಂಡು ಬಿದ್ದಿದ್ರ ಗಂಡಂದಿರು ಓಡಿ ಬರ್ತಿದ್ರು. ಒಬ್ಬೊಬ್ಬ ತನ್ನ ಹೆಂಡ್ತಿ ಕಡಿ ನಿಲ್ಲತಿದ್ದ. ಚಾಚಾ ನಡುವ ಬಂದು, ಇನ್ನೊಂದು ಸುಗ್ಗಿ ತಡೀರಿ ಅಂತಿದ್ದ. ಮುದುಕಿ ಕಡೀಗೆ ಅದನ್ನೇ ಬೇಡಲಿಕತ್ತಿದ್ದಳು. ಒಂದು ಮಾತು ತಿರುಗಿ ಅನ್ನಬೇಕಿತ್ತು ನಾನು. ಎಲ್ಲಾ ದಿನ ಅಂತಿದ್ದೆ, ಅವತ್ತೊಂದು ದಿನ ಅನ್ನಲಿಲ್ಲ. ಕೊಡ ತುಂಬಿ ಹರೀಲಿಕತ್ತಿತ್ತು. ಹಿಂದಿನಾಕಿ "ಏ, ನಿದ್ದಿ ಹತ್ತೇತೇನು?" ಅಂದಳು.

ಮುಂದಿನ ವರ್ಷ ಹುಣ್ಣಿವಿಗೆ ಕಾರ್ಖಾನ್ಯಾಗ ಸೂಟಿ ಇರಲಿಲ್ಲ. ನಮ್ಮ ಮನಿಯವರು ಪಾಳಿ ಬದಲಿ ಮಾಡಿಕೊಂಡ್ರು, ಊರಿಗೆ ಹೋದ್ವಿ. ಹೊಲದ ನಡುವ ಬದು ಬಿದ್ದಿತ್ತು. ನಮ್ಮ ಪಾಲಿನ್ಯಾಗ ಅದನ್ನ ಪಾಲಿಗೆ ಮಾಡಾಂವ ಚರಗ ಚೆಲ್ಲಿ ಹೋಗಿದ್ದ. ಭಾವನ ಹಿಂದ ಆಳುಮಗ ನೀರು ಚಿಮುಕಿಸಲಿಕತ್ತಿದ್ದ. ನಮ್ಮ ಮನಿಯವರು ಆ ಕಡಿ ಹೋಗಬೇಕೋ ಈ ಕಡಿ ಹೋಗಬೇಕೋ ತಿಳೀಲಾರದ ಬದುವಿನ ಮ್ಯಾಲೇ ನಿಂತ್ರು.

ಅಕ್ಕ ನನಗ ಹೊಸಾ ಚಾಪಿ ಹಾಸಿದಳು. "ಬರ್ರಿ, ಕುಂದ್ರಿ. ಗಾಡ್ಯಾಗ ಭಾಳ ಗದ್ದಲ ಇತ್ತೇನು?" ಅಂದಳು. ಬಡಿಸಲಿಕ್ಕೆ ಎದ್ದೆ. "ನೀವು ಕುಂದ್ರಿ, ದಣದು ಬಂದೀರಿ" ಅಂತ ಬುಟ್ಟಿ ತನ್ನ ಕಡಿ ಎಳಕೊಂಡಳು. ಅತ್ತಿ ನಮ್ಮ ಎದುರಿಗೆ ಕೂತು ಉಂಡಳು. ಮತ್ತ ಯಾವಾಗ ಬರ್ತೀರಿ ಅಂತ ಒಂದು ಸಲ ಕೇಳಿದಳು, ಅಷ್ಟೇ.

ಹೊಂಟಾಗ ಅಕ್ಕ ಬುತ್ತಿ ಕಟ್ಟಿಕೊಟ್ಟಳು. ಭಾವ ಬಂಡ್ಯಾಗ ಠೇಶನ್ನಿಗೆ ಬಿಟ್ಟು, ಗಾಡಿ ಬರೋತನ ನಿಂತ.

ಗಾಡ್ಯಾಗ ಕೂತ ಮ್ಯಾಲ ನಮ್ಮ ಮನಿಯವರು, "ಅಣ್ಣ ಎಷ್ಟು ಚಂದ ನೋಡಿಕೊಂಡ ನೋಡು" ಅಂದ್ರು. ನಾನು ಹೂಂ ಅಂದೆ. ಬೀಗರ ಮನಿಗೆ ಹೋಗಿ ಬಂದಂಗ ಆಗಿತ್ತು, ಅದನ್ನ ಅವರ ಮುಂದ ಹೇಳಲಿಲ್ಲ. ಬುತ್ತಿ ಬಿಚ್ಚಿ ಒಂದು ರೊಟ್ಟಿ ಅವರ ಕೈಯಾಗ ಕೊಟ್ಟೆ. ಹಸಿವಿಲ್ಲ ಅಂತ ತಿರುಗಿ ಕೊಟ್ರು.